ಸೈಲೆನ್ಸರ್ ಬಿಚ್ಚಿದ ವರ್ಷ

ನಮ್ಮ ಭಾವ ನನಗೆ ಮೋಸ ಮಾಡಿದ್ದು ಒಂದು ಸೈಲೆನ್ಸರಿಗಾಗಿ. ಹೀಗೆ ಹೇಳಿದರೆ ಮನೆಯ ಮಕ್ಕಳು ನಗುತ್ತಾರೆ. ಹೊಲಕ್ಕಾಗಿ, ಮನೆಗಾಗಿ ಮೋಸ ಮಾಡಿದವರ ಕಥೆಗಳನ್ನು ಅವರು ಕೇಳಿದ್ದಾರೆ. ಕಾರಿನ ಹೊಟ್ಟೆಯಡಿ ತೂಗಾಡುವ, ತುಕ್ಕು ಹಿಡಿದ ತಗಡಿನ ಡಬ್ಬಿಗಾಗಿ ಯಾರಾದರೂ ಹೆಂಡತಿಯ ಒಡಹುಟ್ಟಿದವನಿಗೆ ಮೋಸ ಮಾಡುತ್ತಾರೆಯೇ ಎಂದು ಕೇಳುತ್ತಾರೆ. ಮಾಡಿದ್ದರು. ನಿಜಾಮರ ರಾಜ್ಯ ಆಗಷ್ಟೇ ಮುಗಿದಿದ್ದ ಆ ದಿನಗಳಲ್ಲಿ ಹಳೆಯ ಮೋಟಾರಿನ ಒಂದು ಬೋಲ್ಟು ಬೇಕೆಂದರೂ ಊರೂರು ಅಲೆಯಬೇಕಿತ್ತು ಎಂಬುದು ಈ ಮಕ್ಕಳಿಗೆ ಗೊತ್ತಿಲ್ಲ.

ನಮ್ಮದು ಭಾಲ್ಕಿಯ ಮನೆತನ. ಅಪ್ಪ ಕಿರಾಣಿ ಅಂಗಡಿ ಇಟ್ಟಿದ್ದರು. ನಾನು ಇನ್ನೂ ಸಾಲೆಗೆ ಹೋಗುತ್ತಿದ್ದಾಗಲೇ ಅವರು ತೀರಿಕೊಂಡರು. ಅಕ್ಕನನ್ನು ಅದೇ ಊರಿಗೆ ಕೊಟ್ಟಿದ್ದರಿಂದ ಭಾವ ನಮ್ಮ ಅಂಗಡಿಯನ್ನೂ ನೋಡಿಕೊಂಡರು, ನನ್ನನ್ನೂ ನೋಡಿಕೊಂಡರು. ನನಗೆ ಸೈಕಲ್ ಕಲಿಸಿದವರು ಅವರು. ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಹಕೀಮರ ಮನೆಗೆ ಒಯ್ದವರು ಅವರು. ಅಪ್ಪನ ಮುಖ ನನಗೆ ಅರ್ಧ ಮರೆತಿದೆ. ಭಾವನ ಹೆಗಲು ಮರೆತಿಲ್ಲ.

ರಜಾಕಾರರ ಗದ್ದಲ ಹೆಚ್ಚಾದಾಗ ನಾನು, ಅವ್ವ ಸೋಲಾಪುರಕ್ಕೆ ಹೋದೆವು. ಗಡಿಯಾಚೆ ಹೋದ ನೂರಾರು ಮನೆಗಳಲ್ಲಿ ನಮ್ಮದೂ ಒಂದು. ಅಕ್ಕ, ಭಾವ, ಅವರ ಇಬ್ಬರು ಹೆಣ್ಣುಮಕ್ಕಳು ಭಾಲ್ಕಿಯಲ್ಲೇ ಉಳಿದರು. ಸೋಲಾಪುರದಲ್ಲಿ ನಾನು ಒಂದು ಮೋಟಾರ್ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಗಾಡಿ ಓಡಿಸುವುದನ್ನು ಕಲಿತೆ, ಇಂಜಿನ್ ಬಿಚ್ಚುವುದನ್ನು, ಬೆಸುಗೆ ಹಾಕುವುದನ್ನು ಕಲಿತೆ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ರಾಜ್ಯ ಮುಗಿದ ಮೇಲೆ ನಾವು ಮರಳಿ ಬಂದೆವು. ಬರುವಾಗ ನಮ್ಮ ಜೊತೆ ಒಂದು ಕಾರು ಇತ್ತು. ಯುದ್ಧದ ಮುಂಚಿನ, ಉದ್ದ ಮೂತಿಯ ಅಮೆರಿಕದ ಗಾಡಿ. ಅವ್ವನ ಬಂಗಾರದ ಪಾಟಲಿಗಳು ಅದರಲ್ಲಿ ಕರಗಿದ್ದವು.

ಭಾಲ್ಕಿಯ ನಮ್ಮ ಮನೆಯಲ್ಲಿ ಬಾಗಿಲುಗಳೂ ಉಳಿದಿರಲಿಲ್ಲ. ಹೀಗಾಗಿ ನಾವು ಬೀದರಿನ ಚಿದ್ರಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಭಾಲ್ಕಿಗೆ ರೈಲು ಇತ್ತು. ಔರಾದಿಗೆ ಇರಲಿಲ್ಲ. ಬೀದರಿನಿಂದ ಔರಾದಿಗೆ ಸೀಟಿನ ಲೆಕ್ಕದಲ್ಲಿ ಜನರನ್ನು ಒಯ್ಯಬಹುದು ಎಂಬ ವಿಚಾರ ಭಾವನದು. ಹೊಸ ಸರ್ಕಾರದ ಕಚೇರಿಗಳಲ್ಲಿ ಪರಿಚಯವಿದ್ದದ್ದು ಅವರಿಗೆ. ಆದ್ದರಿಂದ ಪರವಾನಗಿ ಅವರ ಹೆಸರಿನಲ್ಲಿ, ಗಾಡಿ ನನ್ನದು, ಓಡಿಸುವವನು ನಾನು. ಬಂದದ್ದರಲ್ಲಿ ಇಬ್ಬರಿಗೂ ಪಾಲು. ಇದನ್ನು ಯಾರೂ ಬರೆದಿಡಲಿಲ್ಲ. ಮನೆಯವರ ನಡುವೆ ಬರೆಯುವುದೇನಿದೆ?

ಆ ಗಾಡಿಯ ದೊಡ್ಡ ಗುಣ ಅದರ ಸದ್ದಿಲ್ಲದ ನಡಿಗೆ. ನಿಂತಲ್ಲೇ ಇಂಜಿನ್ ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು. ಹಿಂದಿನ ಸೀಟಿನಲ್ಲಿ ಕೂಸುಗಳು ನಿದ್ದೆ ಮಾಡುತ್ತಿದ್ದವು. ಔರಾದಿನ ವ್ಯಾಪಾರಿಗಳು ತೊಗರಿಯ ಧಾರಣೆ ಮಾತಾಡುತ್ತ ಬೀದರ್ ಮುಟ್ಟುತ್ತಿದ್ದರು, ಒಮ್ಮೆಯೂ ದನಿ ಎತ್ತದೆ. ಸೋಲಾಪುರದಲ್ಲಿ ಅದರ ಸೈಲೆನ್ಸರ್ ತೂತು ಬಿದ್ದಿತ್ತು. ನಾನೇ ಒಂದು ತೇಪೆ ಬೆಸೆದಿದ್ದೆ. ಕಲಿಯುವ ಕೈ, ಸೊಟ್ಟಗಾಗಿತ್ತು. ಆದರೆ ಒಂದಿಷ್ಟೂ ಹೊಗೆ ಸೋರುತ್ತಿರಲಿಲ್ಲ.

ಒಂದು ವರ್ಷ ಚೆನ್ನಾಗಿ ನಡೆಯಿತು. ಎರಡನೆಯ ಬೇಸಿಗೆಯಲ್ಲಿ ಭಾವ ಹೈದರಾಬಾದಿಗೆ ಹೋಗಿಬಂದವರು ನೇರ ಚಿದ್ರಿಯ ಮನೆಗೆ ಬಂದರು. ಅವ್ವ ಚಹ ಕೊಟ್ಟಳು. ಅವರು ಕಪ್ಪು ಕೆಳಗಿಡದೆ ಮಾತು ತೆಗೆದರು. ಹೈದರಾಬಾದಿನಲ್ಲಿ ತಿಳಿದವರು ಯಾರೂ ಈಗ ಸೈಲೆನ್ಸರ್ ಇಟ್ಟುಕೊಳ್ಳುವುದಿಲ್ಲವಂತೆ. ಅದನ್ನು ಕಿತ್ತು ನೇರ ದಪ್ಪ ಪೈಪು ಹಾಕಿಸುತ್ತಾರಂತೆ. ಇಂಜಿನ್ನಿನ ತಾಕತ್ತು ಹೆಚ್ಚುತ್ತದೆ, ಪೆಟ್ರೋಲ್ ಉಳಿಯುತ್ತದೆ, ಇನ್ನೂ ಇಬ್ಬರು ಜನರನ್ನು ಹೇರಬಹುದು.

ಸೋಲಾಪುರದಲ್ಲಿ ಅಂಥ ಗಾಡಿಗಳನ್ನು ನಾನು ನೋಡಿರಲಿಲ್ಲ, ಕಂಪನಿಯವರು ಸುಮ್ಮನೆ ಹಾಕಿರುತ್ತಾರೆಯೇ ಎಂದೆ.

“ಮನಷ್ಯಾನ ಮೂಗು ಹಿಡದು ಓಡು ಅಂದ್ರ ಓಡ್ತಾನೇನು?” ಎಂದರು ಭಾವ. “ಇಂಜಿನ್ನಿಗೂ ಹಂಗೇ ಅದ. ಆ ಡಬ್ಬಿ ಅದರ ಮೂಗು ಹಿಡದದ. ತಗದು ಒಗಿ. ಉಸಿರಾಡ್ಲಿ.”

ನನಗೆ ಒಪ್ಪಿಗೆಯಾಗಲಿಲ್ಲ. ಆಗ ಅವರು ಅವ್ವನ ಕಡೆ ತಿರುಗಿ, ಇವನ ಕೆಟ್ಟದ್ದನ್ನು ನಾನು ಬಯಸುತ್ತೇನೆಯೇ ಎಂದು ಕೇಳಿದರು. ಅವ್ವ ನನ್ನನ್ನು ಗದರಿದಳು. ಮಾತು ಅಲ್ಲಿಗೆ ಮುಗಿಯಿತು.

ಮರುದಿನವೇ ಬೀದರಿನ ಮಿಸ್ತ್ರಿಯ ಹತ್ತಿರ ಹೋದೆವು. ಗಟ್ಟಿ ತುಕ್ಕು ಹಿಡಿದ ಬೋಲ್ಟುಗಳನ್ನು ಆತ ಕೊಯ್ದು ಹಾಕಲು ಹೊರಟಾಗ ಭಾವ ತಡೆದರು. ಕೊಯ್ಯಬೇಡ, ಕಾಸಿ ಬಿಚ್ಚು, ಡಬ್ಬಿಗೆ ಪೆಟ್ಟಾಗಬಾರದು ಎಂದರು. ಹೈದರಾಬಾದಿನ ಗುಜರಿಯವರು ತೆಗೆದುಕೊಳ್ಳುತ್ತಾರೆ ಎಂದು ನನಗೆ ಹೇಳಿದರು. ಬಿಚ್ಚಿದ ಸೈಲೆನ್ಸರನ್ನು ಗೋಣಿತಟ್ಟಿನಲ್ಲಿ ಸುತ್ತಿ ತಾವೇ ಎತ್ತಿಕೊಂಡರು. ವ್ಯಾಪಾರಿ ಮನುಷ್ಯ, ಏನನ್ನೂ ಕೆಡಿಸುವುದಿಲ್ಲ ಎಂದುಕೊಂಡೆ. ಮಿಲಿಟರಿ ಲಾರಿಯೊಂದರಿಂದ ಬಂದ ದಪ್ಪ ಪೈಪನ್ನು ಮಿಸ್ತ್ರಿ ಉದ್ದಕ್ಕೆ ಬೆಸೆದುಕೊಟ್ಟ.

ಪರೀಕ್ಷೆಗೆಂದು ಕಮಠಾಣದ ಕಡೆ ಹೊರಟೆವು. ಆ ದಾರಿ ಸಪಾಟು, ನೇರ. ಗಾಡಿಯಲ್ಲಿ ನಾವಿಬ್ಬರೇ. ಒಮ್ಮೆ ವೇಗ ಹಿಡಿದ ಮೇಲೆ ಗಾಡಿ ಹಾರಿತು. ಸುಳ್ಳು ಹೇಳುವುದಿಲ್ಲ, ವೇಗ ತೋರಿಸುವ ಮುಳ್ಳು ಹಿಂದೆಂದೂ ಹೋಗದ ಕಡೆ ಹೋಯಿತು. ಕೊಳವೆಯಿಂದ ಹೊರಟ ಗುಡುಗು ಎದೆಗೆ ಬಡಿಯುತ್ತಿತ್ತು. ಹೊಲದಲ್ಲಿದ್ದವರು ಕುರ್ಪಿ ಹಿಡಿದುಕೊಂಡೇ ಎದ್ದುನಿಂತು ನೋಡಿದರು. ನಾನು ನಗುತ್ತಿದ್ದೆ. ಭಾವನೂ ನಕ್ಕು ನನ್ನ ಬೆನ್ನಿಗೆ ಒಂದು ಏಟು ಕೊಟ್ಟು, ಹೇಳಿದ್ದಿಲ್ಲೇನು ಎಂದರು. ಆ ಹೊತ್ತಿಗೆ ಅವರಿಗೆ ಎಲ್ಲವೂ ಗೊತ್ತಿತ್ತು. ಮುಂದೆ ನಡೆದದ್ದೆಲ್ಲಕ್ಕಿಂತ ಆ ಏಟು ನನಗೆ ಹೆಚ್ಚು ನೋಯುತ್ತದೆ. ಅಷ್ಟು ಸಲೀಸಾಗಿ ಹೇಗೆ ನಕ್ಕರು?

ಔರಾದಿನ ದಾರಿಗೆ ಬಿದ್ದ ಮೇಲೆ ನಿಜ ತಿಳಿಯಿತು. ಜನ ತುಂಬಿದ ಗಾಡಿ ಅಲ್ಲಿ ಹಾರುವುದಿಲ್ಲ, ನಡೆಯುತ್ತದೆ. ಕರಿಮಣ್ಣಿನ ಗಾಡಿಜಾಡು, ಎತ್ತುಗಳು, ಕುರಿಹಿಂಡು. ಮಾಂಜ್ರಾ ನದಿ ದಾಟಿ ಬೀದರಿನ ಕೆಂಪು ದಿನ್ನೆ ಏರುವಾಗ ಇಂಜಿನ್ ನಿಧಾನವಾಗಿ ತಿರುಗಿ ಎಳೆಯಬೇಕು. ಆ ಎಳೆತವೇ ಹೋಗಿಬಿಟ್ಟಿತ್ತು. ಮೊದಲು ಎರಡನೆಯ ಗೇರಿನಲ್ಲಿ ಏರುತ್ತಿದ್ದ ಜಾಗದಲ್ಲಿ ಈಗ ಒಂದನೆಯ ಗೇರು ಹಾಕಿದರೂ ತಿಣುಕುತ್ತಿತ್ತು. ಹೊಗೆ ಹೊರಹೋಗುವ ದಾರಿ ತೀರ ಅಗಲವಾದರೆ ಅದರ ಓಟ ಸತ್ತುಹೋಗುತ್ತದೆ. ಮುಂದೆ ಹೋದ ಹೊಗೆ ಹಿಂದಿನದನ್ನು ಎಳೆದುಕೊಂಡು ಹೋಗಬೇಕು, ಆಗ ಇಂಜಿನ್ನಿನೊಳಗೆ ಹೊಸ ಗಾಳಿ, ಪೆಟ್ರೋಲು ತುಂಬಿ ಬರುತ್ತವೆ. ವೇಗದಲ್ಲಿ ಓಡುವ ಗಾಡಿಗೆ ಅಗಲ ಪೈಪು ಲಾಭ, ಹೊರೆ ಹೊತ್ತು ಏರುವ ಗಾಡಿಗೆ ನಷ್ಟ. ಇದನ್ನು ನಾನು ಬಹಳ ತಡವಾಗಿ ಅರ್ಥ ಮಾಡಿಕೊಂಡೆ. ಆಗ ಗೊತ್ತಾದದ್ದು ಇಷ್ಟೇ: ಪೆಟ್ರೋಲ್ ಉಳಿಯುವ ಬದಲು ಹೆಚ್ಚು ಹೋಗುತ್ತಿತ್ತು, ಯಾಕೆಂದರೆ ಸತ್ತ ಎಳೆತಕ್ಕೆ ನಾನು ಸದಾ ಕಾಲೊತ್ತಿ ಹಿಡಿಯಬೇಕಿತ್ತು.

ಇನ್ನೊಂದು ಕಾಟವಿತ್ತು. ಇಳಿಜಾರಿನಲ್ಲಿ ಕಾಲು ತೆಗೆದ ಕೂಡಲೇ ಪೈಪಿನೊಳಗೆ ಉಳಿದ ಪೆಟ್ರೋಲ್ ಹೊತ್ತಿಕೊಂಡು ಢಂ ಎಂದು ಸಿಡಿಯುತ್ತಿತ್ತು.

ಔರಾದಿನ ಒಂದು ಮುಸಲ್ಮಾನ ಕುಟುಂಬ ನನ್ನ ಗಾಡಿಯಲ್ಲೇ ಓಡಾಡುತ್ತಿತ್ತು. ಅತ್ತರು, ಸುರಮಾ ಮಾರುವ ವಯಸ್ಸಾದ ಗಂಡ, ಹೆಂಡತಿ, ಮದುವೆಗೆ ಬಂದ ಮಗಳು. ಪೊಲೀಸ್ ಆ್ಯಕ್ಷನ್ ಆದ ವಾರಗಳಲ್ಲಿ ಅವರ ಕಡೆ ಏನು ನಡೆಯಿತೆಂದು ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮೊದಲು ಇದ್ದ ಇಬ್ಬರು ಗಂಡುಮಕ್ಕಳು ಈಗ ಇರಲಿಲ್ಲ ಎಂಬುದನ್ನು ಮಾತ್ರ ಬಲ್ಲೆ. ಅವತ್ತು ನದಿಯ ಕಡೆ ಇಳಿಯುವಾಗ ಪೈಪು ಎರಡು ಸಲ ಸಿಡಿಯಿತು. ಹಿಂದೆ ತಿರುಗಿ ನೋಡಿದರೆ ಆ ತಾಯಿ ಮಗಳನ್ನು ಸೀಟಿನ ಕೆಳಗೆ ಎಳೆದು, ಅವಳ ಮೇಲೆ ತಾನು ಬಿದ್ದು, ಬುರ್ಖಾದಿಂದ ಮುಚ್ಚಿದ್ದಳು. ನಾನು ಗಾಡಿ ನಿಲ್ಲಿಸಿ, ಇದು ಪೈಪಿನ ಸದ್ದು, ಬಂದೂಕಲ್ಲ ಎಂದು ಕನ್ನಡದಲ್ಲಿ ಹೇಳಿದೆ, ದಖನಿ ಉರ್ದುವಿನಲ್ಲಿ ಹೇಳಿದೆ. ಅವಳು ಏಳಲೇ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗಂಡ ನನ್ನ ತೋಳು ಮುಟ್ಟಿ, “ತಮ್ಮಾ, ನಮ್ಮನ್ನ ಇಲ್ಲೇ ಇಳಸ್ರಿ. ನಡಕೋತ ಹೋಗ್ತೇವಿ” ಎಂದ.

ಬೀದರ್ ಇನ್ನೂ ದೂರವಿತ್ತು. ಬಿಸಿಲಿತ್ತು. ಅವರು ಮೂವರೂ ರಸ್ತೆಯ ಅಂಚಿಗೆ ಇಳಿದು, ಗಂಟು ತಲೆಯ ಮೇಲಿಟ್ಟುಕೊಂಡು ನಡೆದರು. ಮತ್ತೆ ನನ್ನ ಗಾಡಿ ಹತ್ತಲಿಲ್ಲ.

ಅದೇ ವಾರ ಭಾಲ್ಕಿಗೆ ಹೋಗಿ ನನಗೆ ಹಳೆಯ ಸೈಲೆನ್ಸರ್ ವಾಪಸ್ಸು ಬೇಕೆಂದು ಭಾವನಿಗೆ ಹೇಳಿದೆ. ಗುಜರಿಗೆ ಹೋಗಿ ಕರಗಿಯೂ ಆಯಿತು ಎಂದರು. ಜನಕ್ಕೆ ರೂಢಿಯಾಗುತ್ತದೆ, ನೀನೇ ಹೆದರಬೇಡ ಎಂದರು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಒಲೆಯ ಹೊಗೆಗೆ ಕಣ್ಣು ಮುಚ್ಚಿಕೊಂಡಿದ್ದಾಳೆ ಅಂದುಕೊಂಡೆ.

ನಾನು ಪೈಪಿನ ಬಾಯಿಗೆ ಸಣ್ಣ ಕೊಳವೆ ತುರುಕಿ ನೋಡಿದೆ. ಸದ್ದು ಕಡಿಮೆಯಾಯಿತು, ಆದರೆ ಇಂಜಿನ್ನಿಗೆ ನಿಜವಾಗಿಯೂ ಉಸಿರು ಕಟ್ಟಿ ಕಾಯತೊಡಗಿತು. ತೆಗೆದೆ. ಬರಬರುತ್ತ ಸೀಟುಗಳು ಖಾಲಿ ಉಳಿದವು. ಔರಾದಿನ ವ್ಯಾಪಾರಿಗಳು ನಮಸ್ಕಾರ ಮಾಡಿ ಬೇರೆ ಕಡೆ ನೋಡುತ್ತಿದ್ದರು. ಔರಾದಿನಿಂದ ಠಾಣಾ ಕುಶನೂರಿನ ಮೇಲಿಂದ ಭಾಲ್ಕಿಗೆ ಹೋಗುವ ಇನ್ನೊಂದು ಮೋಟಾರು ಶುರುವಾಗಿದೆ, ಭಾಲ್ಕಿಯಿಂದ ರೈಲು ಹತ್ತಿ ಬೀದರಿಗೆ ಹೋಗುವುದೇ ಆರಾಮ ಎಂದು ಯಾರೋ ಹೇಳಿದರು. ಯಾರ ಮೋಟಾರು ಎಂದು ನಾನು ಕೇಳಲಿಲ್ಲ. ಪರವಾನಗಿ ಇರುವ ಭಾವನಿಗೆ ತಿಳಿದಿರುತ್ತದೆ, ಅವರು ನೋಡಿಕೊಳ್ಳುತ್ತಾರೆ ಎಂದುಕೊಂಡೆ.

ಒಂದು ಬೆಳಿಗ್ಗೆ ಔರಾದಿನ ಬಜಾರಿನಲ್ಲೇ ನನ್ನ ಗಾಡಿ ನಿಂತಿತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಒಂದು ಸಿಲಿಂಡರಿನಲ್ಲಿ ಬಿಗುವೇ ಇಲ್ಲ. ವಾಲ್ವು ಸುಟ್ಟುಹೋಗಿತ್ತು. ಪೈಪು ಬದಲಾಯಿಸಿದಾಗ ಕಾರ್ಬೊರೇಟರನ್ನು ಅದಕ್ಕೆ ಹೊಂದಿಸಿರಲಿಲ್ಲ. ತಿಂಗಳುಗಟ್ಟಲೆ ಗಾಳಿಯ ಪಾಲು ಹೆಚ್ಚು, ಪೆಟ್ರೋಲಿನ ಪಾಲು ಕಡಿಮೆಯಾಗಿ ಉರಿದು ಉರಿದು ಒಳಗಿನ ಲೋಹ ಸವೆದುಹೋಗಿತ್ತು. ಬಾನೆಟ್ ಮುಚ್ಚಿ ಗಾಡಿಯ ಮೆಟ್ಟಿಲ ಮೇಲೆ ಕೂತೆ.

ಆಗ ಭಾಲ್ಕಿಯ ಮೋಟಾರು ಬಂತು. ಬಂದದ್ದು ನನಗೆ ಕೇಳಿಸಲಿಲ್ಲ. ತಲೆಯೆತ್ತಿದಾಗ ಎದುರಿಗೇ ನಿಂತಿತ್ತು. ನನ್ನ ಗಾಡಿಯದೇ ಮೂತಿ, ಅದೇ ಮಾಡೆಲ್, ಬಣ್ಣ ಮಾತ್ರ ಬೇರೆ. ಇಂಥದ್ದು ಈ ಜಿಲ್ಲೆಯಲ್ಲಿ ಇನ್ನೊಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಅದರ ಇಂಜಿನ್ ನಡೆಯುತ್ತಲೇ ಇತ್ತು. ನಾನು ಎದ್ದುಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟೆ. ಆಮೇಲೆ ಹಿಂದೆ ಹೋಗಿ, ಧೂಳಿನಲ್ಲಿ ಅಂಗಾತ ಮಲಗಿ ಕೆಳಗೆ ನೋಡಿದೆ. ನನ್ನ ಸೊಟ್ಟ ತೇಪೆ ಕಂಡಿತು.

ಡ್ರೈವರ್ ಉದಗೀರದ ಕಡೆಯ ಅಪರಿಚಿತ. ಏನು ನೋಡುತ್ತಿದ್ದೀರಿ ಎಂದು ಸೌಜನ್ಯದಿಂದಲೇ ಕೇಳಿದ. ಗಾಡಿ ಯಾರದು ಎಂದೆ. ಭಾಲ್ಕಿಯ ಕಿರಾಣಿ ಸಾವುಕಾರರದು ಎಂದು ನಮ್ಮ ಭಾವನ ಅಂಗಡಿಯ ಗುರುತು ಹೇಳಿದ. ಹೈದರಾಬಾದಿನಿಂದ ತಂದಾಗ ಇದಕ್ಕೆ ಸೈಲೆನ್ಸರೇ ಇರಲಿಲ್ಲ, ಗೂಳಿಯಂತೆ ಕೂಗುತ್ತಿತ್ತು, ಯಾರೂ ಹತ್ತುತ್ತಿರಲಿಲ್ಲ, ಸಾವುಕಾರರು ಎಲ್ಲಿಂದಲೋ ಇದನ್ನು ಹುಡುಕಿ ತಂದರು ಎಂದ. ಅವನಿಗೆ ಅದು ಹೆಮ್ಮೆಯ ವಿಷಯವಾಗಿತ್ತು.

ನಾನು ಅದೇ ಗಾಡಿಯಲ್ಲಿ ಸೀಟು ಹಿಡಿದು ಭಾಲ್ಕಿಗೆ ಹೊರಟೆ. ಠಾಣಾ ಕುಶನೂರಿನ ಏರಿನಲ್ಲಿ ತುಂಬಿದ ಗಾಡಿ ಎರಡನೆಯ ಗೇರಿನಲ್ಲೇ, ಅವಸರವಿಲ್ಲದೆ ಏರಿತು. ಪಕ್ಕದಲ್ಲಿ ಕೂತ ಮುದುಕಿ ತನ್ನ ಸೊಸೆಯ ಬಗ್ಗೆ ಮೆಲ್ಲಗೆ ಮಾತಾಡುತ್ತಿದ್ದಳು, ಅವಳ ಒಂದೊಂದು ಮಾತೂ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ದಾರಿಯುದ್ದಕ್ಕೂ ಭಾವನಿಗೆ ಏನು ಕೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ. ಒಂದು ಮಾತೂ ನಿಲ್ಲಲಿಲ್ಲ.

ಭಾವ ಊಟಕ್ಕೆ ಕೂತಿದ್ದರು. ನಾನು ಹೊಸ್ತಿಲಲ್ಲೇ ನಿಂತು, ನಿಮ್ಮ ಮೋಟಾರಿನಲ್ಲಿ ಬಂದೆ ಎಂದೆ. ಅವರ ಕೈ ತಾಟಿನ ಮೇಲೆ ನಿಂತಿತು. ಆದರೆ ಬಹಳ ಹೊತ್ತಲ್ಲ. ಪಲ್ಯವನ್ನು ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟುಕೊಂಡು, ಹೇಳಬೇಕೆಂದೇ ಇದ್ದೆ ಎಂದರು. ಆ ಮಾಡೆಲಿನ ಸೈಲೆನ್ಸರ್ ಹೈದರಾಬಾದ್, ಸೋಲಾಪುರ ಎಲ್ಲೂ ಸಿಗಲಿಲ್ಲವಂತೆ. ನನ್ನ ಗಾಡಿ ಅದಿಲ್ಲದೆಯೂ ಓಡುತ್ತದೆ ಎಂದು ಅವರಿಗೆ ಭರವಸೆ ಇತ್ತಂತೆ.

ಕೇಳಿದ್ದರೆ ಕೊಡುತ್ತಿದ್ದೆ ಎಂದೆ. ಅದು ನಿಜವೂ ಆಗಿತ್ತು. ಅವರು ಕೇಳಿದ್ದರೆ ನನ್ನ ಗಾಡಿಯನ್ನೇ ಕೊಡುತ್ತಿದ್ದೆನೇನೋ.

ಉತ್ತರ ಬಂದದ್ದು ಒಲೆಯ ಕಡೆಯಿಂದ.

“ನನಗ ಗೊತ್ತಿತ್ತು, ತಮ್ಮಾ,” ಎಂದಳು ಅಕ್ಕ. “ಅವರು ಅದನ್ನ ತಟ್ಟಿನ್ಯಾಗ ಸುತಕೊಂಡು ಮನಿಗಿ ತಂದಾಗೇ ಗೊತ್ತಿತ್ತು.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಎದ್ದುಬಂದು ನನ್ನೆದುರು ನಿಂತಳು. ಹಿಟ್ಟು ಹತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

“ನೀನು, ಅವ್ವ ಸೋಲಾಪುರಕ್ಕ ಹೋದಾಗ ನನಗ ಹೇಳಿದ್ರೇನು? ಸಂಜಿ ಆದ್ರ ಎರಡು ಹುಡುಗ್ಯಾರನ್ನ ಜ್ವಾಳದ ಹಗೇವಿನ್ಯಾಗ ಇಳಿಸಿ ಮುಚ್ಚಿ ಮ್ಯಾಲ ಕುಂಡರ್ತಿದ್ದೆ. ನಿಮಗ ನಿಮ್ಮ ಜೀವ ಇತ್ತು. ನನಗ ನನ್ನ ಮಕ್ಕಳು ಅದಾವ.”

ನಮಗೆ ತಿಳಿದಿದ್ದದ್ದು ಬೇರೆಯೇ. ಹೊರಡುವ ಹಿಂದಿನ ದಿನ, ಗದ್ದಲದಲ್ಲಿ ಅಕ್ಕನ ಓಣಿಯವರೆಗೆ ಹೋಗಲಾಗದೆ, ಅವ್ವ ಸ್ವತಃ ಅಂಗಡಿಗೆ ಹೋಗಿ, ಮಗಳು ಮೊಮ್ಮಕ್ಕಳನ್ನು ನಮ್ಮ ಜೊತೆ ಕಳಿಸು ಎಂದು ಭಾವನಿಗೆ ಕೈಮುಗಿದು ಹೇಳಿದ್ದಳು. ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೋದ ಭಾವ ಮರಳಿ ಬಂದು, ಅವಳು ಮನೆ ಬಿಟ್ಟು ಬರುವುದಿಲ್ಲ ಅನ್ನುತ್ತಾಳೆ ಎಂದಿದ್ದರು. ಅವ್ವ ಸೋಲಾಪುರದಲ್ಲಿ ಇದ್ದಷ್ಟು ದಿನವೂ ಮಗಳ ಹಟವನ್ನು ನೆನೆದು ಅತ್ತಿದ್ದಳು. ಇದನ್ನು ನಾನು ಅಕ್ಕನಿಗೆ ಹೇಳಿದೆ. ಕೋಪದಲ್ಲಿ ಹೇಳಲಿಲ್ಲ. ಅವಳಿಗೆ ಗೊತ್ತಿದೆ ಎಂದೇ ನಾನು ತಿಳಿದಿದ್ದೆ.

ಅಕ್ಕ ಗಂಡನ ಕಡೆ ತಿರುಗಿದಳು. ಭಾವ ತಾಟಿನಲ್ಲಿ ಕೈ ತೊಳೆದುಕೊಂಡರು. ಅಂಗಡಿ ಬಿಟ್ಟು ಹೋಗುವಂತಿರಲಿಲ್ಲ, ಹೆಂಡತಿ ಮಕ್ಕಳು ಹೋದರೆ ಊರವರು ಅಂಗಡಿ ಖಾಲಿ ಎಂದು ತಿಳಿದು ಲೂಟಿ ಮಾಡುತ್ತಿದ್ದರು ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಆಮೇಲೆ ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋದರು.

ಅಕ್ಕ ನೆಲದ ಮೇಲೆ ಕೂತಳು. ನಾನೂ ಕೂತೆ. ಅವಳು ಅಳಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದ ಮೇಲೆ ಎದ್ದು ಹಂಚು ಇಳಿಸಿದಳು. ಉಂಡು ಹೋಗು ಎಂದಳು. ನಾನು ಉಣ್ಣದೆ ಬಂದೆ.

ಸೈಲೆನ್ಸರನ್ನು ನಾನು ಕೇಳಲಿಲ್ಲ, ಅವರು ಕೊಡಲಿಲ್ಲ. ಎತ್ತಿನ ಬಂಡಿಗೆ ಕಟ್ಟಿ ನನ್ನ ಗಾಡಿಯನ್ನು ಔರಾದಿನಿಂದ ಬೀದರಿಗೆ ಎಳೆಸಿದೆ. ಇಂಜಿನ್ ತೆರೆದು ವಾಲ್ವುಗಳನ್ನು ಹಾಕಿಸಿ ಮತ್ತೆ ಓಡಿಸುವಷ್ಟರಲ್ಲಿ ಔರಾದಿನ ಜನ ಭಾಲ್ಕಿಯ ದಾರಿಗೆ ಹೊಂದಿಕೊಂಡಿದ್ದರು. ಪರವಾನಗಿಯೂ ನನ್ನದಲ್ಲ. ಕೊನೆಗೆ ಗಾಡಿಯನ್ನು ಜಹೀರಾಬಾದಿನ ಒಬ್ಬರಿಗೆ ಕೊಟ್ಟುಬಿಟ್ಟೆ. ನಾನು ಸರ್ಕಾರಿ ಬಸ್ಸಿನ ಡ್ರೈವರನಾದೆ. ಆ ಕೆಲಸದಲ್ಲಿ ನನಗೆ ಒಂದು ಸುಖವಿತ್ತು. ಗಾಡಿ ಯಾರದೋ, ರಸ್ತೆ ಯಾರದೋ. ನನ್ನಿಂದ ಬಿಚ್ಚಿಕೊಂಡು ಹೋಗುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಮರುವರ್ಷ ಪಂಚಮಿಗೆ ಅಕ್ಕ ಮಕ್ಕಳನ್ನು ಕರೆದುಕೊಂಡು, ಯಾರೂ ಕರೆಯಲು ಹೋಗದೆಯೇ, ಚಿದ್ರಿಗೆ ಬಂದಳು. ಶ್ರಾವಣವಿಡೀ ಇದ್ದಳು. ಅವ್ವ ಮತ್ತು ಅವಳು ಹಿತ್ತಲಿನಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು, ಸೋಲಾಪುರದ ತಿಂಗಳುಗಳನ್ನು, ಭಾಲ್ಕಿಯ ತಿಂಗಳುಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತಿದ್ದರು. ಇಬ್ಬರಿಗೂ ಅದರಿಂದ ಹಗುರಾಯಿತು. ನನಗೆ ಆಗಲಿಲ್ಲ. ಭಾವನ ಮೇಲಿನ ಸಿಟ್ಟು ನನಗೆ ಕೆಲವೇ ವರ್ಷಗಳಲ್ಲಿ ಇಳಿಯಿತು. ಅವರು ಹಾಗೆಯೇ ಇದ್ದವರು, ನಾನೇ ನೋಡಿರಲಿಲ್ಲ ಎಂದು ಸಮಾಧಾನ ತಂದುಕೊಂಡೆ. ಅಕ್ಕನ ವಿಷಯದಲ್ಲಿ ಹಾಗೆ ಆಗಲಿಲ್ಲ. ಅವಳಿಗೆ ಕಾರಣವಿತ್ತು, ಅವಳೂ ಮೋಸಹೋದವಳೇ, ಎಲ್ಲವೂ ಸರಿ. ಆದರೂ ನಾನು ಹೋಗಿ ಆ ಡಬ್ಬಿ ಬೇಕೆಂದು ಕೇಳಿದ ದಿನ ಅವಳು ನನ್ನ ಕಡೆ ನೋಡದೆ ರೊಟ್ಟಿ ಬಡಿಯುತ್ತಿದ್ದಳು.

ಶ್ರಾವಣ ಮುಗಿದ ಮೇಲೆ ಭಾವ ಕರೆದೊಯ್ಯಲು ಬಂದರು. ಬೀದಿಯಲ್ಲಿ ನಿಂತರು, ಒಳಗೆ ಬರಲಿಲ್ಲ. ಅವ್ವ ಮೊಮ್ಮಕ್ಕಳಿಗೆ ಉಡಿ ತುಂಬಿದಳು. ಅಕ್ಕ ನನ್ನನ್ನು ಹುಡುಕಿಕೊಂಡು ಹಿತ್ತಲಿಗೆ ಬಂದು, ಬರ್ತೇನಿ ಎಂದಳು. ನಾನು ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಡ್ಯೂಟಿಗೆ ಹೊತ್ತಾಯಿತು ಎಂದೆ. ಅವಳು ಚಿಕ್ಕ ಮಗಳ ಕೈಹಿಡಿದು ಹೊರಟುಹೋದಳು.